ಕಸೂತಿ ಕೋರ್ಸ್: ವಿಡಿಯೊ ಮಾಡುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಗವಂತಿ, ಮುರಗಿ ಎಂಬ ಕಸೂತಿ ಹೊಲಿಗೆಗಳ ಪಾಠದ ವಿಡಿಯೊ ನೋಡಿದೆ. ಕೈ ಚೆನ್ನಾಗಿ ಕಾಣುತ್ತದೆ, ಬಟ್ಟೆಯ ಎಳೆ ಕಾಣುವುದಿಲ್ಲ. ಎಳೆ ಎಣಿಸುವುದೇ ಕಸೂತಿ ಅಲ್ವಾ? ಕಪ್ಪು ಬಟ್ಟೆ ಎಷ್ಟೇ ಚಂದವಿದ್ದರೂ ಪಾಠಕ್ಕೆ ಬೇಡ. ಎಳೆ ಸುಲಭವಾಗಿ ಎಣಿಸಬಹುದಾದ ಬಿಳಿ ಮ್ಯಾಟಿ ಬಟ್ಟೆ, ಕೆಂಪು ದಾರ ತಗೊಳ್ಳಿ.

ಗವಂತಿಯಲ್ಲಿ ಹೋಗುವಾಗ ಬಿಟ್ಟ ಜಾಗ ಬರುವಾಗ ತುಂಬಬೇಕು. ಗಂಟು ಹಾಕುವಂತಿಲ್ಲ, ಎರಡೂ ಬದಿ ಒಂದೇ ಥರ ಬರಬೇಕು. ಆದ್ದರಿಂದ ಪ್ರತಿ ಸಾಲು ಮುಗಿದ ಮೇಲೆ ಬಟ್ಟೆ ತಿರುಗಿಸಿ ತೋರಿಸಿ. ಹಿನ್ನೆಲೆ ಸಂಗೀತ ಸುಮ್ನೆ ಗದ್ದಲ. ಎಳೆ ಎಣಿಸುವ ದನಿ ಕೇಳಿಸಲಿ.

ಜಾಸ್ತಿ ಕಷ್ಟವಿರುವುದು ದೂರದಿಂದ ತಪ್ಪು ತಿದ್ದುವುದರಲ್ಲಿ. ಸದ್ಯಕ್ಕೆ ಕಲಿಯುವವರಿಂದ ಬಟ್ಟೆಯ ಎರಡೂ ಬದಿಯ ಫೋಟೊ ತರಿಸಿಕೊಳ್ಳೋಣ. ಬೇರೆ ದಾರಿ ಗೊತ್ತಿದ್ದರೆ ಇಲ್ಲೇ ಹೇಳಿ. ಹೊಸ ವಿಡಿಯೊ ಭಾನುವಾರದೊಳಗೆ ಹಾಕಿ.