ಬಟಾಣಿ ಎಣಿಸಿದ ಸನ್ಯಾಸಿ, ನಿಮ್ಮ ಹೊಲದ ರಾಗಿ

ಪ್ರೀತಿಯ ಗೆಳೆಯ,

ಹೋದ ಭಾನುವಾರ ಬಲಿಪೂಜೆ ಮುಗಿಸಿ ಫಿಲೋಮಿನಾ ಚರ್ಚಿನಿಂದ ಹೊರಗೆ ಬಂದಾಗ ನೀನು ಗೇಟಿನ ಹತ್ತಿರ ಕಾಯುತ್ತಿದ್ದೆ. "ವಾರವೆಲ್ಲ ಮಕ್ಕಳಿಗೆ ವಿಜ್ಞಾನ ಪಾಠ ಮಾಡ್ತೀಯ, ಭಾನುವಾರ ಬಂದು ಇಲ್ಲಿ ಮೊಣಕಾಲೂರ್ತೀಯ. ಎರಡೂ ಹೇಗೋ ಹೊಂದುತ್ತೆ?" ಅಂತ ಕೇಳಿದೆ. ನಾನು ಉತ್ತರ ಹುಡುಕುವಷ್ಟರಲ್ಲಿ ನಿನಗೆ ಮಂಡ್ಯದ ಬಸ್ಸಿಗೆ ಹೊತ್ತಾಯಿತು.

ನಿಮ್ಮ ಹೊಲದಿಂದಲೇ ಶುರು ಮಾಡುತ್ತೇನೆ. ನಿಮ್ಮಪ್ಪ ಇಂಡಾಫ್ ರಾಗಿ ಹಾಕುತ್ತಿದ್ದರು, ಅಲ್ವಾ? ಆ ತಳಿ ಬಂದಿದ್ದು ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಿಂದ. ಅಲ್ಲಿನ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೆ ಆಫ್ರಿಕಾದ ರಾಗಿ ಕೂಡಿಸಿದರು. ಇಂಡಿಯಾ, ಆಫ್ರಿಕಾ ಸೇರಿ ಇಂಡಾಫ್. ರಾಗಿ ಹೂವು ಎಷ್ಟು ಸಣ್ಣದು ಅಂತ ನಿನಗೆ ನಾನು ಹೇಳಬೇಕಾಗಿಲ್ಲ. ಅದರಲ್ಲಿ ಎರಡು ತಳಿ ಕೂಡಿಸುವುದು ಹುಡುಗಾಟವಲ್ಲ.

ಹೀಗೆ ಕೂಡಿಸಿದರೆ ಯಾವ ಗುಣ ಯಾವ ಪೀಳಿಗೆಯಲ್ಲಿ ತಲೆ ಎತ್ತುತ್ತದೆ ಅನ್ನುವ ಲೆಕ್ಕ ಕೊಟ್ಟವರು ಒಬ್ಬ ಕ್ರೈಸ್ತ ಸನ್ಯಾಸಿ, ಗ್ರೆಗರ್ ಮೆಂಡಲ್. ಈಗಿನ ಚೆಕ್ ದೇಶದ ಬ್ರನೋದಲ್ಲಿ, ತಮ್ಮ ಮಠದ ತೋಟದಲ್ಲಿ, 1856ರಿಂದ ವರ್ಷಗಟ್ಟಲೆ ಬಟಾಣಿ ಬೆಳೆದರು. ಬೀಜ ಬಿಡಿಸಿ ಕೂತು ಎಣಿಸಿದರು. ಒಂದು ಪ್ರಯೋಗದಲ್ಲಿ ದುಂಡನೆಯ ಬೀಜ 5,474, ಸುಕ್ಕುಗಟ್ಟಿದ್ದು 1,850. ಹೆಚ್ಚುಕಮ್ಮಿ ಮೂರಕ್ಕೆ ಒಂದು. ನಮ್ಮಜ್ಜಿ ಜಪಸರದ ಮಣಿ ಸರಿಸುತ್ತಿದ್ದದ್ದು ನೆನಪಾಗುತ್ತದೆ ನನಗೆ. 1866ರಲ್ಲಿ ಅಚ್ಚಾದ ಆ ಲೇಖನವನ್ನು ಹೆಚ್ಚಿನವರು ತಿರುಗಿಯೂ ನೋಡಲಿಲ್ಲ. ಅದರ ಬೆಲೆ ಲೋಕಕ್ಕೆ ತಿಳಿದಿದ್ದು 1900ರಲ್ಲಿ. ಆಗ ಅವರು ತೀರಿಕೊಂಡು ಹದಿನಾರು ವರ್ಷವಾಗಿತ್ತು.

ಚರ್ಚಿನ ತಪ್ಪನ್ನೂ ಮುಚ್ಚಿಡುವುದಿಲ್ಲ. ನೀನು ಕಾಯುತ್ತಿದ್ದ ಆ ಚರ್ಚಿಗೆ ನಾಲ್ವಡಿಯವರು ಅಡಿಗಲ್ಲು ಇಟ್ಟಿದ್ದು 1933ರಲ್ಲಿ. ಅದಕ್ಕೆ ಸರಿಯಾಗಿ ಮುನ್ನೂರು ವರ್ಷ ಮೊದಲು, ಭೂಮಿಯೇ ಸೂರ್ಯನ ಸುತ್ತ ಸುತ್ತುತ್ತದೆ ಅಂದಿದ್ದಕ್ಕೆ ಗೆಲಿಲಿಯೊ ರೋಮ್‌ನಲ್ಲಿ ಶಿಕ್ಷೆ ಅನುಭವಿಸಬೇಕಾಯಿತು. ಆ ತೀರ್ಪು ತಪ್ಪು ಅಂತ ಪೋಪ್ ಎರಡನೇ ಜಾನ್ ಪಾಲ್ ಒಪ್ಪಿಕೊಂಡಿದ್ದು 1992ರಲ್ಲಿ. ತುಂಬಾ ತಡವಾಯಿತು.

ಬೈಬಲ್ಲಿನ ಮೊದಲ ಪುಸ್ತಕ, ಜಗತ್ತಿನ ಸೃಷ್ಟಿಯ ಕತೆ ಇರುವ ಆದಿಕಾಂಡದ ಬಗ್ಗೆಯೂ ಕೇಳಿದ್ದೆಯಲ್ಲ. ಅದನ್ನು ಒಮ್ಮೆ ನಿಧಾನವಾಗಿ ಓದಿ ನೋಡು. ಹಗಲು ರಾತ್ರಿ ಆಗುವುದು ಮೊದಲನೇ ದಿನ, ಸೂರ್ಯ ಬರುವುದು ನಾಲ್ಕನೇ ದಿನ. ಗಡಿಯಾರ ನೋಡಿಕೊಂಡು ಬರೆದದ್ದಲ್ಲ ಅದು. ಜಗತ್ತು ಯಾರದು, ಅದರಲ್ಲಿ ನಾವು ಹೇಗೆ ಬದುಕಬೇಕು ಅಂತ ನಾನು ಅಲ್ಲಿ ಓದುತ್ತೇನೆ. ಭೂಮಿಯ ವಯಸ್ಸನ್ನು ಬಂಡೆಗಳನ್ನು ಕೇಳುತ್ತೇನೆ.

ಲೆಮೈತ್ರ್ ಅಂತ ಬೆಲ್ಜಿಯಂನ ಒಬ್ಬ ಪಾದ್ರಿ ಇದ್ದರು. ವಿಶ್ವ ಹಿಗ್ಗುತ್ತಿದೆ ಅಂತ 1927ರಲ್ಲೇ ಲೆಕ್ಕ ಹಾಕಿ ತೋರಿಸಿದವರು. 1951ರಲ್ಲಿ ಆಗಿನ ಪೋಪ್, ವಿಶ್ವಕ್ಕೆ ಒಂದು ಆರಂಭವಿತ್ತು ಅನ್ನುವ ವಿಜ್ಞಾನ ಈಗ ದೇವರ ಸೃಷ್ಟಿಗೇ ಸಾಕ್ಷಿ ಹೇಳುತ್ತಿದೆ ಅನ್ನುವ ಹಾಗೆ ಮಾತಾಡಿದಾಗ ಈ ಪಾದ್ರಿಗೇ ಅದು ಹಿಡಿಸಲಿಲ್ಲ. ನನಗೆ ಅವರ ಮೇಲೆ ಬಹಳ ಗೌರವ. ದೇವರನ್ನು ಒಂದು ಲೆಕ್ಕಕ್ಕೆ ಕಟ್ಟಿಹಾಕಿದರೆ, ನಾಳೆ ಆ ಲೆಕ್ಕ ಬದಲಾದಾಗ ಏನು ಮಾಡುವುದು?

ಇದೆಲ್ಲ ನನಗೆ ಸುಮ್ನೆ ವಾದಕ್ಕೆ ಬೇಕಾದ ವಿಷಯವಲ್ಲ ಕಣೋ. ನಮ್ಮ ಚಿಕ್ಕಮ್ಮನಿಗೆ ಟಿ.ಬಿ. ಆಗಿತ್ತು. ಆರು ತಿಂಗಳು ಗುಳಿಗೆ ನುಂಗಬೇಕಿತ್ತು. ಒಂದು ಪ್ರಾರ್ಥನಾ ಕೂಟದಲ್ಲಿ ಯಾರೋ ಬೋಧಕರು, ನಂಬಿಕೆ ಇದ್ದರೆ ಗುಳಿಗೆ ಯಾಕೆ ಅಂದರು. ಚಿಕ್ಕಮ್ಮ ಎರಡೇ ತಿಂಗಳಿಗೆ ಗುಳಿಗೆ ಬಿಟ್ಟುಬಿಟ್ಟರು. ಮತ್ತೆ ಕೆಮ್ಮು ಶುರುವಾಗಿ ರಕ್ತ ಬಂದ ದಿನ ನಾನು ಅತ್ತಿದ್ದೇನೆ, ಸಿಟ್ಟಿನಿಂದಲೂ ಭಯದಿಂದಲೂ. ಮೊದಲಿನಿಂದ ಚಿಕಿತ್ಸೆ ಆಯಿತು. ಈ ಸಲ ದಿನಾ ಬೆಳಿಗ್ಗೆ ನಾನೇ ಗುಳಿಗೆ ಕೊಡುತ್ತಿದ್ದೆ. ಅವರು ಶಿಲುಬೆ ಗುರುತು ಹಾಕಿಕೊಂಡು ನುಂಗುತ್ತಿದ್ದರು. ಈಗ ಚೆನ್ನಾಗಿದ್ದಾರೆ.

ಮುಂದಿನ ತಿಂಗಳು ನಿಮ್ಮೂರಿಗೆ ಬರುತ್ತೇನೆ. ಮನೆಯಲ್ಲಿ ಇಂಡಾಫ್ ಬೀಜ ಒಂದು ಹಿಡಿ ಇದ್ದರೆ ಎತ್ತಿಡು. ಹತ್ತನೇ ಕ್ಲಾಸಿಗೆ ಮೆಂಡಲ್ ಪಾಠ ಇದೆ, ಮಕ್ಕಳ ಕೈಗೆ ಕೊಡಬೇಕು.

ನಿನ್ನ ಗೆಳೆಯ
ಮೈಸೂರು