26 ಗ್ರಾಂ ಚುಕ್ಕಿಗಾಗಿ ನಿದ್ದೆಗೆಟ್ಟವರಿಗೆ

ನಿನ್ನೆ ಡಾಕ್ಟರು ಮೈಕ್ರೋಸ್ಕೋಪಿನಿಂದ ತಲೆ ಎತ್ತಿ "ಏನೂ ಕಾಣ್ತಿಲ್ಲ" ಅಂದರು. ಏನೂ ಕಾಣದೇ ಇರೋದಕ್ಕೆ ನಾನು ಇಷ್ಟು ಖುಷಿಪಟ್ಟಿದ್ದು ಇದೇ ಮೊದಲು. ಸತತ ಮೂರನೇ ಸಲ ಚುಕ್ಕಿಯ ಹಿಕ್ಕೆಯಲ್ಲಿ ಆ ಹಾಳು ಕಡ್ಡಿಗಳು ಇರಲಿಲ್ಲ. ಮನೆಗೆ ಬಂದು ಪಂಜರ ಕೆಳಗಿಟ್ಟ ಮೇಲೆ ನೆನಪಾಯಿತು, ನಾನು ಇನ್ನೂ ಯಾರಿಗೂ ಸರಿಯಾಗಿ ಥ್ಯಾಂಕ್ಸ್ ಹೇಳಿಲ್ಲ. ಆ ದಿನಗಳಲ್ಲಿ ಯಾರು ಫೋನ್ ಮಾಡಿದರೂ "ಇವತ್ತು 26", "ಇವತ್ತು 27" ಅಂತಷ್ಟೇ ಹೇಳಿ ಇಟ್ಟುಬಿಡುತ್ತಿದ್ದೆ. ಹಾಗಾಗಿ ಈಗ ಕೂತು ಬರೀತಿದ್ದೇನೆ.

ಗೊತ್ತಿಲ್ಲದವರಿಗೆ: ಚುಕ್ಕಿ ನಮ್ಮ ಮನೆಯ ಬಡ್ಜಿ, ಅಂದರೆ ಪುಟ್ಟ ಜಾತಿಯ ಗಿಳಿ. ನೀಲಿ ಮೈ, ಬಿಳಿ ಮುಖ, ಕೊರಳಿಗೆ ಹಾರ ಹಾಕಿದ ಹಾಗೆ ಕಪ್ಪು ಚುಕ್ಕೆಗಳು. ಹೆಣ್ಣು ಅಂದುಕೊಂಡು ಹೆಸರಿಟ್ಟೆವು. ಕೆಲವು ತಿಂಗಳಾದ ಮೇಲೆ ಕೊಕ್ಕಿನ ಮೇಲಿನ ಮೂಗು ಗಾಢ ನೀಲಿಗೆ ತಿರುಗಿತು, ಗಂಡು ಅಂತ ಗೊತ್ತಾಯಿತು. ಅಷ್ಟರಲ್ಲಿ ಹೆಸರು ಬಾಯಿಗೆ ಕೂತಾಗಿತ್ತು. ಜೊತೆಗೆ ಬೆಳ್ಳಿ ಅಂತ ಒಂದು ಹೆಣ್ಣಿದೆ, ಅವಳೇ ಮನೆಯ ಯಜಮಾನಿ. ಇವನ್ನು ತುಂಬ ಜನ ಲವ್ ಬರ್ಡ್ಸ್ ಅಂತಾರೆ. ನಿಜವಾದ ಲವ್ ಬರ್ಡ್ ಆಫ್ರಿಕಾ ಕಡೆಯದು, ಬಡ್ಜಿ ಆಸ್ಟ್ರೇಲಿಯಾದ್ದು. ಇದನ್ನು ತಿದ್ದಿ ತಿದ್ದಿ ನನಗೇ ಸಾಕಾಗಿದೆ.

ಮೊದಲ ಥ್ಯಾಂಕ್ಸ್ ಅಕ್ಕನಿಗೆ. ಅವಳಿಗೆ ಹಕ್ಕಿ ಸಾಕೋದು ಅಂದರೆ ಅಷ್ಟಕ್ಕಷ್ಟೆ. ಫೋನಿನಲ್ಲಿ ಮಾತಾಡುವಾಗಲೆಲ್ಲ "ಆ ಗಲಾಟೆ ಸ್ವಲ್ಪ ನಿಲ್ಸೇ" ಅಂತ ಬೈಯುತ್ತಿದ್ದಳು. ಒಂದು ದಿನ ಯಾವುದೋ ಮಾತಿನ ಮಧ್ಯೆ "ಏನೇ, ನಿನ್ನ ಹಕ್ಕಿ ಸದ್ದೇ ಇಲ್ಲ ಇವತ್ತು?" ಅಂದಳು. ತಿರುಗಿ ನೋಡಿದೆ. ಚುಕ್ಕಿ ಮೈ ಉಬ್ಬಿಸಿಕೊಂಡು ಚೆಂಡಿನ ಹಾಗೆ ಕೂತಿದ್ದ. ಚಳಿ ಇರಬೇಕು ಅಂದುಕೊಂಡೆ. ಎಷ್ಟು ದಿನದಿಂದ ಹಾಗೆ ಕೂರುತ್ತಿದ್ದಾನೆ ಅಂತ ಯೋಚಿಸಿದರೆ ನೆನಪೇ ಬರಲಿಲ್ಲ. ಒಂದೇ ಕೋಣೆಯಲ್ಲಿ ಇದ್ದವಳು ನಾನು. ಗೊತ್ತಾಗಿದ್ದು ಫೋನಿನ ಆ ಕಡೆ ಇದ್ದವಳಿಗೆ.

ನನ್ನನ್ನು ದಾರಿ ತಪ್ಪಿಸಿದ್ದು ಇನ್ನೊಂದಿದೆ. ಅವನು ಇಡೀ ದಿನ ಕಾಳಿನ ಬಟ್ಟಲಲ್ಲೇ ಮುಖ ಹುದುಗಿಸಿಕೊಂಡು ಇರುತ್ತಿದ್ದ. ಇಷ್ಟು ತಿನ್ನೋ ಹಕ್ಕಿಗೆ ಏನು ಕಾಯಿಲೆ ಬಂದೀತು ಅನ್ನೋದು ನನ್ನ ಲೆಕ್ಕ. "ಹೊಟ್ಟೆಬಾಕ" ಅಂತ ಮುದ್ದು ಬೇರೆ ಮಾಡಿದ್ದೆ.

ಆದರೂ ಅಕ್ಕನ ಮಾತು ಕೊರೆಯುತ್ತಿತ್ತು, ತೋರಿಸಿಕೊಂಡು ಬಂದೆ. ಮೊದಲು ಹೋದ ಕಡೆ ಪಂಜರದ ಹೊರಗಿನಿಂದಲೇ ನೋಡಿ, ನೀರಿಗೆ ಬೆರೆಸೋ ಆ್ಯಂಟಿಬಯಾಟಿಕ್ ಪುಡಿ ಕೊಟ್ಟರು. ಅವರನ್ನು ಬೈದು ಪ್ರಯೋಜನ ಇಲ್ಲ. "ಏನಿಲ್ಲ ಬಿಡಿ" ಅನ್ನೋ ಮಾತು ಕೇಳೋಕೆ ಅಂತಲೇ ನಾನು ಹೋಗಿದ್ದೆ, ಅದು ಸಿಕ್ಕಿತು, ನೆಮ್ಮದಿಯಾಗಿ ವಾಪಸ್ ಬಂದೆ. ನಾಲ್ಕು ದಿನ ಹೋಯಿತು.

ಐದನೇ ದಿನ ಚುಕ್ಕಿ ಪಂಜರದ ತಳದಲ್ಲಿ ಕೂತಿದ್ದ. ಆಗ ನಡುಗಿತು ಜೀವ. ಪರಿಚಯದವರೊಬ್ಬರ ಮೂಲಕ, ಮೂವತ್ತು ವರ್ಷದಿಂದ ಬಡ್ಜಿ ಸಾಕಿದ ಹಿರಿಯರೊಬ್ಬರ ನಂಬರ್ ಸಿಕ್ಕಿತು. ನಾನು ಕತೆಯೆಲ್ಲ ಶುರು ಮಾಡಿದೆ. ಅವರು ಅರ್ಧಕ್ಕೇ ನಿಲ್ಲಿಸಿದರು. "ಅದೆಲ್ಲ ಇರಲಿ ಕಣಮ್ಮ. ತೂಕ ಎಷ್ಟಿದೆ? ಹಿಕ್ಕೆ ಹೇಗಿದೆ? ಸುಮ್ನೆ ಕೂತಾಗ ಬಾಲ ಮೇಲೆ ಕೆಳಗೆ ಆಡುತ್ತಾ?" ಮೂರಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರು ಬೈಯಲಿಲ್ಲ. "ಬಟ್ಟಲು ತಗೊಂಡು ಮೆಲ್ಲಗೆ ಊದು" ಅಂದರು.

ಊದಿದೆ. ಮೇಲಿದ್ದ ಹೊಟ್ಟು ಹಾರಿ ಹೋಯಿತು. ಕೆಳಗೆ ಬೆಳಗ್ಗೆ ಹಾಕಿದ ನವಣೆ ಹೆಚ್ಚುಕಡಿಮೆ ಹಾಗೇ ಇತ್ತು. ಕೆಲವು ಕಾಳು ಒಡೆದು ಪುಡಿಯಾಗಿದ್ದವು. ಬಡ್ಜಿ ಕಾಳನ್ನು ಇಡಿಯಾಗಿ ನುಂಗೋದಿಲ್ಲ, ಕೊಕ್ಕಿನಲ್ಲಿ ತಿರುಗಿಸಿ ಹೊಟ್ಟು ಬಿಡಿಸಿ ಒಳಗಿನ ತಿರುಳನ್ನು ಮಾತ್ರ ತಿನ್ನುತ್ತದೆ. ಇವನು ಬಿಡಿಸುತ್ತಿದ್ದ, ಪುಡಿ ಮಾಡುತ್ತಿದ್ದ, ನುಂಗುತ್ತಿರಲಿಲ್ಲ. ತಿಂದ ಹಾಗೆ ನಟನೆ. ಕಾಡಿನಲ್ಲಿ ಗುಂಪಾಗಿ ಹಾರುವ ಹಕ್ಕಿ ಇದು. ಗುಂಪಿನಲ್ಲಿ ಯಾವುದು ಸೊರಗಿದೆಯೋ ಅದನ್ನೇ ಗಿಡುಗ ಎತ್ತಿಕೊಂಡು ಹೋಗುತ್ತದೆ, ಹಾಗಾಗಿ ಕೊನೇ ಗಳಿಗೆವರೆಗೂ ಚೆನ್ನಾಗಿದ್ದೀನಿ ಅಂತಲೇ ತೋರಿಸಿಕೊಳ್ಳುತ್ತದೆ ಅಂತ ಅವರು ಹೇಳಿದರು. ನಮ್ಮ ಮನೆಯಲ್ಲಿ ಗಿಡುಗ ಇಲ್ಲ. ನಾನೊಬ್ಬಳೇ ನೋಡುವವಳು, ನಾನೇ ಮೋಸ ಹೋದೆ.

ಅವರು ಹೇಳಿದ ಹಾಗೆ ಅಡುಗೆಮನೆಯ ತೂಕದ ಯಂತ್ರ ತಂದು ಮೇಲೆ ಸಣ್ಣ ಡಬ್ಬಿ ಇಟ್ಟು, ಸೊನ್ನೆ ಮಾಡಿ, ಚುಕ್ಕಿಯನ್ನು ಒಳಗೆ ಬಿಟ್ಟೆ. 26. ಆರೋಗ್ಯವಾಗಿರುವ ಬಡ್ಜಿ ಸಾಮಾನ್ಯವಾಗಿ 30ರಿಂದ 40 ಗ್ರಾಂ ಇರುತ್ತದೆ. ಅವನು ಚೆನ್ನಾಗಿದ್ದಾಗ ಎಷ್ಟಿದ್ದ? ಒಂದು ದಿನವೂ ತೂಗಿರಲಿಲ್ಲ. "ನಾಳೆ ಅಲ್ಲ, ಇವತ್ತೇ ಹೋಗು" ಅಂತ ಹೇಳಿ, ಪಕ್ಷಿಗಳನ್ನೇ ನೋಡುವ ಡಾಕ್ಟರ ವಿಳಾಸ ಕೊಟ್ಟವರೂ ಅವರೇ. ಸರ್, ನಿಮ್ಮನ್ನು ಇನ್ನೂ ಮುಖತಃ ನೋಡಿಲ್ಲ ನಾನು. ನಿಮ್ಮ ಧ್ವನಿ ಮಾತ್ರ ಈಗ ಮನೆಮಂದಿಯ ಧ್ವನಿ ಆಗಿಹೋಗಿದೆ.

ಡಾಕ್ಟರ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ, ಕ್ಷಮಿಸಿ. ಅವರು ಮೊದಲ ಐದು ನಿಮಿಷ ಚುಕ್ಕಿಯನ್ನು ಮುಟ್ಟಲೇ ಇಲ್ಲ. ಕುರ್ಚಿ ಎಳೆದುಕೊಂಡು ದೂರ ಕೂತು ಉಸಿರು ನೋಡಿದರು. ಆಮೇಲೆ ಲೈಟ್ ಆರಿಸಿ, ಕತ್ತಲಲ್ಲಿ ಬಟ್ಟೆ ಹಾಕಿ ಹಿಡಿದರು. ಎರಡು ಬೆರಳ ನಡುವೆ ಕತ್ತು, ಅಂಗೈಯಲ್ಲಿ ಬೆನ್ನು, ಎದೆಗೆ ಮಾತ್ರ ಒಂದು ಬೆರಳೂ ತಾಗಿರಲಿಲ್ಲ. ಹಕ್ಕಿಗೆ ನಮ್ಮ ಹಾಗೆ ವಪೆ (ಎದೆಗೂ ಹೊಟ್ಟೆಗೂ ನಡುವೆ ಇದ್ದು ಉಸಿರಾಡಿಸೋ ಸ್ನಾಯುವಿನ ಪರದೆ) ಇಲ್ಲ, ಎದೆಗೂಡು ಹಿಗ್ಗಿ ಕುಗ್ಗಿದರೆ ಮಾತ್ರ ಉಸಿರು, ಒತ್ತಿ ಹಿಡಿದರೆ ಕೈಯಲ್ಲೇ ಉಸಿರು ಕಟ್ಟುತ್ತದೆ ಅಂದರು. ಮಕ್ಕಳ ಕೈಗೆ ಎಷ್ಟು ಸಲ ಕೊಟ್ಟಿದ್ದೇನೋ ಅಂತ ಮೈ ಜುಂ ಅಂದಿತು. ನನ್ನ ಬೆರಳು ಹಿಡಿದು ಅವನ ಎದೆಮೂಳೆ ಮುಟ್ಟಿಸಿದರು. ಎರಡೂ ಪಕ್ಕದಲ್ಲಿ ಇರಬೇಕಾದ ಮಾಂಸ ಇಲ್ಲ. ಚಾಕುವಿನ ಅಂಚಿನ ಹಾಗೆ ಚೂಪಾಗಿ ಸಿಕ್ಕಿತು. ಆ ನೀಲಿ ಗರಿಗಳೆಲ್ಲ ಅದನ್ನು ಮುಚ್ಚಿಟ್ಟಿದ್ದವು.

ಹಿಕ್ಕೆಯಲ್ಲಿ ಅರಗದ ಕಾಳಿನ ಚೂರುಗಳಿದ್ದವು. ಅದನ್ನು ಒಂದು ಹನಿ ಸಲೈನಿನಲ್ಲಿ ಕಲಸಿ ಗಾಜಿನ ಮೇಲೆ ಹಾಕಿ ನೋಡಿ, "ಬನ್ನಿ, ನೀವೂ ನೋಡಿ" ಅಂತ ಕರೆದರು. ಬೆಂಕಿಕಡ್ಡಿ ಚೆಲ್ಲಿದ ಹಾಗೆ ಉದ್ದುದ್ದ ಕಡ್ಡಿಗಳು. ಇದು ಹಕ್ಕಿಯ ಹೊಟ್ಟೆಯಲ್ಲಿ ಬೆಳೆಯುವ ಒಂದು ಬಗೆಯ ಯೀಸ್ಟ್, ಹೆಸರು ಮ್ಯಾಕ್ರೊರಾಬ್ಡಸ್. ಆಕಾರ ನೋಡಿ ತುಂಬ ಕಾಲ ಇದನ್ನು ದೊಡ್ಡ ಬ್ಯಾಕ್ಟೀರಿಯಾ ಅಂದುಕೊಂಡಿದ್ದರಂತೆ. ಅದಕ್ಕೇ ಸಾಕುವವರು ಈಗಲೂ ಮೆಗಾಬ್ಯಾಕ್ಟೀರಿಯಾ ಅಂತಾರೆ. 2003ರಲ್ಲಿ ಇದು ಶಿಲೀಂಧ್ರದ ಜಾತಿಗೆ ಸೇರಿದ್ದು ಅಂತ ಖಚಿತಪಡಿಸಿ ಈಗಿನ ಹೆಸರಿಟ್ಟರು. ಅಂದರೆ ಆ್ಯಂಟಿಬಯಾಟಿಕ್ ಇದರ ಕೂದಲೂ ಕೊಂಕಿಸೋದಿಲ್ಲ. ನನ್ನ ನಾಲ್ಕು ದಿನ ಎಲ್ಲಿ ಹೋಯಿತು ಅಂತ ಆಗ ಅರ್ಥವಾಯಿತು. ಕಾಳು ಅರೆಯುವ ಗಟ್ಟಿ ಹೊಟ್ಟೆಯ ಬಾಗಿಲಲ್ಲೇ ಇದು ಬೀಡುಬಿಡೋದು, ಹಾಗಾಗಿ ಅಲ್ಪಸ್ವಲ್ಪ ನುಂಗಿದ್ದೂ ಮೈಗೆ ಹತ್ತೋದಿಲ್ಲ.

ಔಷಧಿ ಆಂಫೊಟೆರಿಸಿನ್ ಬಿ. ದಿನಕ್ಕೆ ಎರಡು ಸಲ, ಬಾಯಿಗೆ, ಒಂದು ತಿಂಗಳು. ಎಷ್ಟು ಹನಿ ಅಂತ ಬೇಕೆಂದೇ ಬರೆಯುತ್ತಿಲ್ಲ. ಅದನ್ನು ತೂಕ ನೋಡಿ ಡಾಕ್ಟರೇ ಹೇಳಬೇಕು. ಹಳದಿ ಬಣ್ಣದ ದ್ರಾವಣ. ಮೊದಲ ವಾರ ಅರ್ಧ ಚುಕ್ಕಿಯ ಒಳಗೆ, ಅರ್ಧ ನನ್ನ ಕನ್ನಡಕದ ಮೇಲೆ. ಹಿಡಿಯೋಕೆ ನನಗೆ ಧೈರ್ಯ ಇರಲಿಲ್ಲ, ತಮ್ಮ ಕೆಲಸಕ್ಕೆ ಹೋಗುವ ಮೊದಲು ಬಂದು ಹಿಡಿದುಕೊಡುತ್ತಿದ್ದ, ರಾತ್ರಿ ಮತ್ತೆ ಬರುತ್ತಿದ್ದ. ಒಂದು ತಿಂಗಳು, ಒಂದು ಹೊತ್ತೂ ತಪ್ಪಿಸಲಿಲ್ಲ. ಥ್ಯಾಂಕ್ಸ್ ಅಂದರೆ ಅವನಿಗೆ ಸಿಟ್ಟು ಬರುತ್ತದೆ. ಬರಲಿ. ಥ್ಯಾಂಕ್ಸ್ ಕಣೋ.

ಗೆಳತಿಯೊಬ್ಬಳು ಶುರುವಿನಲ್ಲಿ "ಇಷ್ಟು ಕಷ್ಟ ಪಡೋ ಬದಲು ಇನ್ನೊಂದು ತರಬಹುದಲ್ವಾ" ಅಂದಿದ್ದಳು. ನಾನು ಫೋನ್ ಇಟ್ಟುಬಿಟ್ಟೆ. ಮಾರನೇ ದಿನ ಅವಳೇ ಒಂದು ಥರ್ಮಾಮೀಟರ್ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು. ಕಾಯಿಲೆ ಹಕ್ಕಿಗೆ ಬಿಸಿ ಬೇಕು. ಅದರ ಮೈ ಬಿಸಿಯೇ ಸುಮಾರು 41 ಡಿಗ್ರಿ, ಅದನ್ನು ಕಾಯ್ದುಕೊಳ್ಳೋಕೇ ಇರೋಬರೋ ಶಕ್ತಿಯೆಲ್ಲ ಖರ್ಚಾಗುತ್ತದೆ. ಸಣ್ಣ ಪೆಟ್ಟಿಗೆ ಮಾಡಿ, ಅರ್ಧ ಭಾಗದ ಕೆಳಗೆ ಮಾತ್ರ ಹೀಟಿಂಗ್ ಪ್ಯಾಡ್ ಇಟ್ಟು, 30 ಡಿಗ್ರಿ ಸುತ್ತಮುತ್ತ ನಿಲ್ಲೋ ಹಾಗೆ ಇಬ್ಬರೂ ಕೂತು ಒಂದು ಮಧ್ಯಾಹ್ನ ಪೂರ್ತಿ ಒದ್ದಾಡಿದೆವು. ಸೆಕೆಯಾದರೆ ಅವನೇ ಈಚೆ ಸರಿಯಬೇಕು, ಅದಕ್ಕೆ ಅರ್ಧ ಮಾತ್ರ. ನೀರು, ಕಾಳು ಎಲ್ಲ ನೆಲದಲ್ಲೇ. ಹಿಂದಿನ ದಿನದ ಮಾತಿನ ಬಗ್ಗೆ ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಔಷಧಿ ಶುರುವಾದ ಆರನೇ ರಾತ್ರಿ ಕರೆಂಟ್ ಹೋಯಿತು. ಅವತ್ತು ಬೆಳಗ್ಗೆ 25 ಆಗಿದ್ದ. ಪೆಟ್ಟಿಗೆ ತಣ್ಣಗಾಗುತ್ತಾ ಬಂತು. ಪಕ್ಕದ ಮನೆ ಅಜ್ಜಿಯ ಹತ್ತಿರ ಬೆನ್ನುನೋವಿಗೆ ಶಾಖ ಕೊಡೋ ರಬ್ಬರ್ ಚೀಲ ಇದೆ ಅಂತ ನೆನಪಾಗಿ, ರಾತ್ರಿ ಎರಡು ಗಂಟೆಗೆ ಬಾಗಿಲು ತಟ್ಟಿದೆ. ಏನು, ಎತ್ತ ಅಂತ ಒಂದು ಮಾತು ಕೇಳದೆ ಒಲೆ ಹಚ್ಚಿ ನೀರು ಕಾಯಿಸಿದರು. ಚೀಲಕ್ಕೆ ತಮ್ಮ ಹಳೇ ಸೀರೆ ತುಂಡು ಸುತ್ತಿ, ತಾವೇ ಜೊತೆಗೆ ಬಂದು ಕೂತರು. ಗಂಟೆಗೊಂದು ಸಲ ನೀರು ಬದಲಾಯಿಸಿದೆವು. ಬೆಳಕು ಹರಿಯುವಾಗ "ಇದಕ್ಕೆ ಜೀವ ಎಲ್ಲಿರುತ್ತೋ, ಇಷ್ಟೇ ಇಷ್ಟಿದೆ" ಅಂದರು. ಬೆಳಗ್ಗೆಯೇ ಡಾಕ್ಟರ ಹತ್ತಿರ ಓಡಿದೆ. ಅವರು ಸಣ್ಣ ಕೊಳವೆಯಿಂದ ನೇರ ಕೊರಳ ಚೀಲಕ್ಕೆ ಆಹಾರ ಬಿಟ್ಟರು. "ಇದನ್ನು ಮಾತ್ರ ಮನೆಯಲ್ಲಿ ಮಾಡೋಕೆ ಹೋಗಬೇಡಿ, ಶ್ವಾಸಕೋಶಕ್ಕೆ ಹೋದರೆ ಮುಗೀತು" ಅಂತ ಎರಡು ಸಲ ಹೇಳಿದರು. ನಾಲ್ಕು ದಿನ ಹೀಗೇ ನಡೆಯಿತು.

ನಮ್ಮ ಮ್ಯಾನೇಜರಿಗೂ ಒಂದು ನಮಸ್ಕಾರ. ಮೊದಲ ದಿನ ರಜೆ ಚೀಟಿಯಲ್ಲಿ "ಮನೆಯಲ್ಲಿ ಆರೋಗ್ಯ ಸರಿಯಿಲ್ಲ" ಅಂತ ಬರೆದಿದ್ದೆ. ಯಾರಿಗೆ ಅಂತ ಕೇಳಿದಾಗ ಸುಳ್ಳು ಹೇಳೋಕೆ ಬಾಯಿ ಬರಲಿಲ್ಲ. ನಗಬಹುದು ಅಂದುಕೊಂಡೆ. ನಕ್ಕರು ಕೂಡ. ಆದರೆ ಮಾರನೇ ದಿನದಿಂದ ಬೆಳಗಿನ ಮೀಟಿಂಗ್ ಶುರುವಾಗೋದೇ "ಎಷ್ಟು ಗ್ರಾಂ ಇವತ್ತು?" ಅಂತ. 28 ದಾಟಿದ ದಿನ ಯಾರೋ ಚಪ್ಪಾಳೆ ತಟ್ಟಿದರು.

ಬೆಳ್ಳಿಯ ವಿಷಯ ಬಿಟ್ಟೇ ಹೋಗುತ್ತಿತ್ತು. ಅವಳನ್ನು ಬೇರೆ ಕೋಣೆಗೆ ಹಾಕಿ ಅವಳ ಹಿಕ್ಕೆಯನ್ನೂ ನೋಡಿಸಿದೆವು. ಅವಳಲ್ಲೂ ಕಡ್ಡಿಗಳು! ಇದನ್ನು ಹೊಟ್ಟೆಯಲ್ಲಿಟ್ಟುಕೊಂಡೂ ಆರಾಮಾಗಿರುವ ಹಕ್ಕಿಗಳಿರುತ್ತವಂತೆ, ಅವುಗಳಿಂದಲೇ ಇನ್ನೊಂದಕ್ಕೆ ದಾಟುತ್ತದಂತೆ. ಅವಳಿಗೂ ಹಳದಿ ಔಷಧಿ ಶುರುವಾಯಿತು. ತಮ್ಮನ ಬೆರಳಿನಲ್ಲಿ ಗುರುತುಗಳು ಇನ್ನೂ ಇವೆ. ಅವಳು ಆ ಕೋಣೆಯಿಂದ ದಿನವಿಡೀ ಕೂಗುತ್ತಿದ್ದಳು. ಈ ಕಡೆಯಿಂದ ಉತ್ತರ ಇಲ್ಲ. ಹದಿಮೂರನೇ ದಿನ, ನಾನು ಪೇಪರ್ ಬದಲಾಯಿಸುತ್ತಿದ್ದಾಗ, ಕೈ ಪಕ್ಕದಲ್ಲೇ ಒಂದು ಸಣ್ಣ "ಚಿಕ್". ಒಂದೇ ಒಂದು. ಆ ಕೋಣೆ ತಕ್ಷಣ ಸುಮ್ಮನಾಯಿತು. ಆಮೇಲೆ ಅಲ್ಲಿ ಎದ್ದ ಗಲಾಟೆ ಕೇಳಬೇಕಿತ್ತು ನೀವು. ನಾನು ಪೇಪರ್ ಹಿಡಿದುಕೊಂಡೇ ಅಕ್ಕನಿಗೆ ಫೋನ್ ಮಾಡಿದೆ, ಏನೂ ಮಾತಾಡದೆ ಫೋನನ್ನು ಪೆಟ್ಟಿಗೆಯ ಹತ್ತಿರ ಹಿಡಿದೆ.

ಅದಾಗಿ ಎರಡು ರಾತ್ರಿ ಕಳೆದು ಪೆಟ್ಟಿಗೆಯೊಳಗಿಂದ ಕರ್ ಕರ್ ಅಂತ ಸದ್ದು. ಹಲ್ಲು ಕಡಿದ ಹಾಗೆ. ಫಿಟ್ಸ್ ಬಂತು ಅಂದುಕೊಂಡು ಹಿರಿಯರಿಗೆ ಫೋನ್ ಹಚ್ಚಿದೆ. ನಿದ್ದೆಗಣ್ಣಲ್ಲೇ ಕೇಳಿಸಿಕೊಂಡು ನಗೋಕೆ ಶುರು ಮಾಡಿದರು. "ಕೊಕ್ಕು ಮಸೀತಿದ್ದಾನೆ ಕಣಮ್ಮ. ಹಾಯಾಗಿ ನಿದ್ದೆ ಬರೋ ಮೊದಲು ಹಾಗೆ ಮಾಡ್ತವೆ. ನೀನೂ ಮಲಗು." ನೋಡಿದರೆ ಒಂದು ಕಾಲು ಹೊಟ್ಟೆಯೊಳಗೆ ಎಳೆದುಕೊಂಡು, ಒಂಟಿ ಕಾಲಲ್ಲಿ ನಿಂತಿದ್ದ.

ಇದು ಮರುಕಳಿಸಬಹುದು, ಆಗಾಗ ಹಿಕ್ಕೆ ನೋಡಿಸುತ್ತಿರಿ ಅಂತ ಡಾಕ್ಟರು ಹೇಳಿದ್ದಾರೆ. ಹಾಗಾಗಿ ತೂಕದ ಯಂತ್ರ ಅಡುಗೆಮನೆಗೆ ವಾಪಸ್ ಹೋಗಿಲ್ಲ. ಬೆಳಗ್ಗೆ ಹೊಟ್ಟೆಗೆ ಏನೂ ಹಾಕುವ ಮೊದಲು, ಅದರ ಮೇಲೊಂದು ಕೋಲು ಕಟ್ಟಿ, ಪಕ್ಕದಲ್ಲಿ ನವಣೆ ತೆನೆ ಹಿಡಿದರೆ ಅವನೇ ಹತ್ತಿ ಕೂರುತ್ತಾನೆ. ಇವತ್ತು 71 ಗ್ರಾಂ ತೋರಿಸಿತು. ಯಂತ್ರ ಕೆಟ್ಟಿತು ಅಂದುಕೊಂಡು ಬಗ್ಗಿ ನೋಡಿದೆ, ಹಿಂದಿನಿಂದ ಬೆಳ್ಳಿಯೂ ಹತ್ತಿ ಕೂತಿದ್ದಳು. ಅವಳನ್ನು ಎಬ್ಬಿಸೋಕೆ ಹೋಗಿ ಬೆರಳು ಕಚ್ಚಿಸಿಕೊಂಡೆ. ಚುಕ್ಕಿ 35.