ವಿಷ ಕುಡಿದು ಬಂದವರಿಗೆ ಬೈಬೇಡಿ, ನರ್ಸ್‌ಗೆ ಮಾತಾಡೋಕೆ ಟೈಮ್ ಕೊಡಿ

ಸಂಪಾದಕರಿಗೆ ನಮಸ್ಕಾರ,

"ವಿಷ ಸೇವಿಸಿದ್ದ ರೈತ ಪ್ರಾಣಾಪಾಯದಿಂದ ಪಾರು" ಅಂತ ಪೇಪರಲ್ಲಿ ಆಗಾಗ ನಾಲ್ಕು ಸಾಲು ಬರುತ್ತೆ, ಓದಿದವರು ಸದ್ಯ ಉಳ್ಕೊಂಡ್ರಲ್ಲ ಅಂತ ಪುಟ ತಿರುವ್ತಾರೆ. ಸರ್ಕಾರಿ ಆಸ್ಪತ್ರೆ ಮೆಡಿಕಲ್ ವಾರ್ಡಲ್ಲಿ ಸ್ಟಾಫ್ ನರ್ಸ್ ಆಗಿರೋ ನಂಗೆ ಕಷ್ಟದ ಕೆಲಸ ಶುರು ಆಗೋದು ಅಲ್ಲಿಂದ್ಲೇ, ಅದ್ರ ಬಗ್ಗೆ ಯಾರೂ ಬರೀತಿಲ್ಲ ಅಂತ ಈ ಪತ್ರ.

ಪೇಷಂಟ್ ಕಣ್ಣು ಬಿಟ್ಟ ತಕ್ಷಣ ಬೆಡ್ ಸುತ್ತ ನೆಂಟರು ಸೇರಿ "ಮಕ್ಕಳ ಮುಖ ನೆನಪಾಗ್ಲಿಲ್ವಾ ನಿಂಗೆ", "ಮನೆ ಮರ್ಯಾದೆ ತೆಗ್ದೆ" ಅಂತ ಶುರು ಮಾಡ್ತಾರೆ. ಅವ್ರಿಗೂ ಗಾಬರಿ, ಸಂಕಟ, ಅದು ನಂಗೆ ಅರ್ಥ ಆಗುತ್ತೆ. ಆದ್ರೆ ಆ ಮಾತಿಗೆ ಮಲಗಿರೋ ವ್ಯಕ್ತಿ ಗೋಡೆ ಕಡೆ ತಿರುಗಿಬಿಟ್ರೆ ಆಮೇಲೆ ಬಾಯಿ ಬಿಡ್ಸೋದು ತುಂಬಾ ಕಷ್ಟ.

ನಾವು ಮೊದ್ಲು ನೋಡೋದು ದೇಹನೇ. ಕೆಲವು ಕೀಟನಾಶಕದ ವಿಷ ಇಳ್ಸೋಕೆ ಅಟ್ರೋಪಿನ್ ಅನ್ನೋ ಇಂಜೆಕ್ಷನ್ ಕೊಡ್ತಾ ಇರ್ತೀವಲ್ಲ, ಅದು ಜಾಸ್ತಿ ಆದ್ರೆ ಮನುಷ್ಯ ಬೆಡ್‌ಶೀಟ್ ಕೀಳೋದು, ಗಾಳೀಲಿ ಏನೋ ಹಿಡಿಯೋದು, ಎದ್ದು ಓಡೋದು ಎಲ್ಲ ಮಾಡ್ತಾನೆ, ಬಾಯಿ ಒಣಗಿರುತ್ತೆ, ಕಣ್ಣಿನ ಪಾಪೆ ಅಗಲ ಆಗಿರುತ್ತೆ. ದಿನಾ ಕುಡಿಯೋರಾಗಿದ್ರೆ ಎಣ್ಣೆ ನಿಂತ ಎರಡನೇ ಮೂರನೇ ದಿನಕ್ಕೆ ನಡುಕ, ಕನವರಿಕೆ ಬರುತ್ತೆ. ಶುಗರ್ ಇಳಿದಿದ್ರೂ ಹಂಗೇ ತಬ್ಬಿಬ್ಬಾಗ್ತಾರೆ. ಇದನ್ನೆಲ್ಲ "ತಲೆ ಕೆಟ್ಟಿದೆ" ಅಂತ ಕೈಕಾಲು ಕಟ್ಟಿ ಸುಮ್ನಾದ್ರೆ ಜೀವಕ್ಕೇ ಅಪಾಯ, ಹಾಗಾಗಿ ಡಾಕ್ಟರ್‌ನ ಕೂಡ್ಲೇ ಕರೀಬೇಕು.

ಅದೆಲ್ಲ ತಿಳಿಯಾದ್ಮೇಲೆ ಮಾತು. ನೆಂಟರನ್ನ ಎಳನೀರು ತನ್ನಿ ಅಂತಲೋ ಏನೋ ಹೇಳಿ ಆಚೆ ಕಳ್ಸಿ ಸ್ಟೂಲ್ ಎಳ್ಕೊಂಡು ಕೂತ್ಕೋತೀನಿ, ನಿಂತ್ಕೊಂಡು ಮೇಲಿಂದ ಕೇಳಿದ್ರೆ ಯಾರೂ ಹೇಳಲ್ಲ. ಬಿಪಿ ನೋಡ್ತಾ ನಿದ್ದೆ ಬಂತಾ, ಊಟ ಸೇರ್ತಾ ಅಂತ ಶುರು ಮಾಡಿ ಆಮೇಲೆ ನೇರವಾಗೇ ಕೇಳ್ತೀನಿ, "ಈಗ್ಲೂ ಸಾಯ್ಬೇಕು ಅನ್ನಿಸ್ತಿದ್ಯಾ?" ಹಿಂಗೆ ಕೇಳಿದ್ರೆ ಇಲ್ದೇ ಇರೋ ಯೋಚ್ನೆನ ನಾವೇ ತಲೇಲಿ ಹಾಕಿದಂಗೆ ಅಂತ ಹೊಸ ನರ್ಸ್‌ಗಳಿಗೂ ಭಯ ಇದೆ. ಹಾಗೇನೂ ಆಗಲ್ಲ, ವಿಶ್ವ ಆರೋಗ್ಯ ಸಂಸ್ಥೆನೂ ಅದನ್ನೇ ಹೇಳುತ್ತೆ. ಎಷ್ಟೋ ಜನ ಆ ಪ್ರಶ್ನೆ ಕೇಳಿದ ಮೇಲೇನೇ ಅತ್ತಿದ್ದು. ಆಮೇಲೆ ಮುಂಚೆ ಯಾವಾಗಾದ್ರೂ ಹಿಂಗೆ ಮಾಡ್ಕೊಂಡಿದ್ರಾ, ಮನೇಲಿ ಹೊಲದ ಔಷಧಿ ಡಬ್ಬ ಇನ್ನೂ ಇದ್ಯಾ, ಯಾರ ಹತ್ರ ಮನಸ್ಸು ಬಿಚ್ಚಿ ಮಾತಾಡ್ತೀರ ಅಂತ ಕೇಳ್ತೀನಿ. ಉತ್ತರ ಕೇಳಿ ಭಯ ಅನ್ನಿಸಿದ್ರೆ ಬೆಡ್‌ನ ನರ್ಸಿಂಗ್ ಸ್ಟೇಷನ್ ಪಕ್ಕಕ್ಕೆ ಹಾಕ್ಸಿ, ಬ್ಲೇಡು ಮಾತ್ರೆ ಏನಿದ್ರೂ ತೆಗ್ಸಿ, ಬಾತ್‌ರೂಮಿಗೆ ಹೋದ್ರೂ ಜೊತೆಗೊಬ್ರು ಇರೋ ಹಾಗೆ ನೋಡ್ಕೊಂಡು, ಡ್ಯೂಟಿ ಬದಲಾಗೋವಾಗ ಮುಂದಿನ ಸಿಸ್ಟರ್‌ಗೆ ಬಾಯ್ಬಿಟ್ಟು ಹೇಳಿ ಹೋಗ್ಬೇಕು. ಕೇಸ್ ಶೀಟಲ್ಲಿ ಬರೆದಿಟ್ಟರೆ ಸಾಲದು, ರಾತ್ರಿ ಗಡಿಬಿಡೀಲಿ ಯಾರು ಓದ್ತಾರೆ.

ಇನ್ನೊಂದು ತೊಡಕು ಕೇಸಿನ ಭಯ. ಎಂಎಲ್‌ಸಿ, ಅಂದ್ರೆ ಪೊಲೀಸರಿಗೆ ತಿಳಿಸ್ಬೇಕಾದ ಕೇಸು, ಅಂದ ಕೂಡ್ಲೇ "ಕೆಮ್ಮಿನ ಔಷಧಿ ಅನ್ಕೊಂಡು ಕುಡ್ದೆ" ಅಂತ ಮನೆಯವರೇ ಹೇಳ್ಕೊಡ್ತಾರೆ, ನಿಜ ಅಲ್ಲೇ ಮುಚ್ಚಿಹೋಗುತ್ತೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ ಇಂಥವ್ರು ತೀವ್ರ ಒತ್ತಡದಲ್ಲಿದ್ರು ಅಂತಲೇ ತಿಳ್ಕೋಬೇಕು, ಅವ್ರಿಗೆ ಚಿಕಿತ್ಸೆ, ಆರೈಕೆ ಕೊಡೋದು ಸರ್ಕಾರದ ಹೊಣೆ. 2024ರ ಜುಲೈ 1ರಿಂದ ದಂಡ ಸಂಹಿತೆ ಬದಲು ಬಂದ ಭಾರತೀಯ ನ್ಯಾಯ ಸಂಹಿತೇಲಿ, ಆತ್ಮಹತ್ಯೆಗೆ ಯತ್ನಿಸಿದ್ರೆ ಶಿಕ್ಷೆ ಅಂತಿದ್ದ ಹಳೇ 309ನೇ ಸೆಕ್ಷನ್ನೇ ಇಲ್ಲ. ಇದನ್ನ ಕ್ಯಾಶುವಾಲ್ಟಿ ಬಾಗಿಲಲ್ಲೇ ದೊಡ್ಡಕ್ಷರದಲ್ಲಿ ಬರೆದು ಹಾಕ್ಬೇಕು ಅನ್ನೋದು ನನ್ನ ಅಭಿಪ್ರಾಯ.

ನೈಟ್ ಡ್ಯೂಟೀಲಿ ಇಡೀ ವಾರ್ಡ್‌ಗೆ ಒಬ್ರೋ ಇಬ್ರೋ ಇರ್ತೀವಿ, ಸಲೈನ್, ಇಂಜೆಕ್ಷನ್, ರೆಜಿಸ್ಟರ್ ಮಧ್ಯೆ ಒಬ್ರ ಹತ್ರ ಹತ್ತು ನಿಮಿಷ ಕೂರೋಕೆ ಆಗಲ್ಲ, ಮಾತಾಡೋಕೆ ಮರೆ ಅನ್ನೋದೂ ಇಲ್ಲ, ಪಕ್ಕದ ಬೆಡ್ಡಿನವ್ರು ಕಿವಿ ಕೊಟ್ಟಿರ್ತಾರೆ. ಜಿಲ್ಲೇಲಿ ಮನೋವೈದ್ಯರು ಇದ್ರೂ ಭಾನುವಾರ, ರಾತ್ರಿ ಬಂದ ಪೇಷಂಟ್ ಅವ್ರನ್ನ ನೋಡೋ ಮುಂಚೇನೇ ಡಿಸ್ಚಾರ್ಜ್ ಮಾಡಿಸ್ಕೊಂಡು ಹೋಗಿಬಿಡ್ತಾರೆ. ಆರೋಗ್ಯ ಇಲಾಖೆಯವರು ದಯವಿಟ್ಟು ಪ್ರತಿ ತಾಲ್ಲೂಕು ಆಸ್ಪತ್ರೇಲಿ ಪ್ರತಿ ಪಾಳಿಗೂ ಇದ್ರ ಟ್ರೈನಿಂಗ್ ಆದ ಒಬ್ಬ ನರ್ಸ್ ಇರೋ ಹಾಗೆ ಮಾಡ್ಲಿ, ವಾರ್ಡ್‌ಗೊಂದು ಸ್ಕ್ರೀನಾದ್ರೂ ಕೊಡ್ಲಿ. ಡಿಸ್ಚಾರ್ಜ್ ಚೀಟಿ ಮೇಲೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಪ್ರಿಂಟ್ ಆಗಿ ಬರ್ಲಿ, 2022ರ ಅಕ್ಟೋಬರ್‌ನಿಂದ ಇದೆ, ಫ್ರೀ, ದಿನದ 24 ಗಂಟೆನೂ ಕನ್ನಡದಲ್ಲೇ ಮಾತಾಡ್ಬಹುದು, ಆದ್ರೂ ನಮ್ಮ ಹಳ್ಳಿ ಕಡೆ ಬಹಳ ಜನಕ್ಕೆ ಗೊತ್ತಿಲ್ಲ. ಮನೆಗೆ ಕರ್ಕೊಂಡು ಹೋಗೋರಿಗೂ ಒಂದು ವಿನಂತಿ, ಅವ್ರು ಮನೆ ಸೇರೋ ಮುಂಚೇನೇ ಹೊಲದ ಔಷಧಿ ಎಲ್ಲ ಬೇರೆಯವ್ರ ಮನೇಲಿ ಬೀಗ ಹಾಕಿ ಇಡ್ಸಿ.

ಇಂತಿ,
ಒಬ್ಬ ಸ್ಟಾಫ್ ನರ್ಸ್, ದಾವಣಗೆರೆ ಜಿಲ್ಲೆ